ಸಾಲದ ಸೀಲಿಂಗ್ ಕೆಳಗೆ ನಿದ್ದೆ ಬರುವುದಿಲ್ಲ

ಎರಡು ವರ್ಷದ ಹಿಂದಿನ ಮಾತು. ಹಾವೇರಿ ಕಡೆಯ ಒಂದು ಊರು. ನಮ್ಮ ತಂಡದ ಒಬ್ಬನ ಅಕ್ಕನಿಗೆ ನಿಶ್ಚಿತಾರ್ಥ ಗೊತ್ತಾಯಿತು. ಬೀಗರು ಬರಲು ಒಂದೂವರೆ ತಿಂಗಳಿತ್ತು. ಅಜ್ಜ ಕಟ್ಟಿಸಿದ ಮನೆ, ಮಣ್ಣಿನ ಗೋಡೆ, ಅದರ ಮೇಲೆ ವರ್ಷ ವರ್ಷ ಬಳಿದ ಸುಣ್ಣ.

"ಇಂಥಾ ಗ್ವಾಡಿ ಮುಂದ ಬೀಗರನ್ನ ಕೂಡಸೂದಾ?" ಅಂದರು ಮನೆಯ ಹಿರಿಯರು. ಯಾರೂ ಉತ್ತರ ಕೊಡಲಿಲ್ಲ. ಮರುದಿನವೇ ಪೇಂಟರ್ ಬಂದ.

ಗೋಡೆಗೆ ಪುಟ್ಟಿ, ಅದರ ಮೇಲೆ ಹೊಳೆಯುವ ಪ್ಲಾಸ್ಟಿಕ್ ಪೇಂಟ್. ಪಡಸಾಲೆಗೆ ಪಿಒಪಿ ಸೀಲಿಂಗ್, ಅದರ ಅಂಚಿಗೆ ನೀಲಿ ಲೈಟಿನ ಪಟ್ಟಿ. ಟಿವಿ ಹಿಂದಿನ ಗೋಡೆಗೆ ಇಟ್ಟಿಗೆ ಚಿತ್ರದ ಅಂಟು ಹಾಳೆ. ಒಟ್ಟು ಐವತ್ತು ಸಾವಿರ. ಸಾಲ ಬಂದದ್ದು ಅವ್ವನ ಹೆಸರಿನಲ್ಲಿ, ಸಂಘದಿಂದ.

ನಿಶ್ಚಿತಾರ್ಥದ ಫೋಟೊಗಳು ಚೆನ್ನಾಗಿ ಬಂದವು, ಅದರಲ್ಲಿ ಸುಳ್ಳಿಲ್ಲ. ಆಮೇಲೆ ಮಳೆಗಾಲ ಬಂತು. ಗೋಡೆ ಬೊಬ್ಬೆ ಎದ್ದಿತು. ದೀಪಾವಳಿ ಹೊತ್ತಿಗೆ ಪುಟ್ಟಿ ಹಪ್ಪಳದ ಹಾಗೆ ಉದುರತೊಡಗಿತು. ಇಟ್ಟಿಗೆ ಚಿತ್ರದ ಹಾಳೆ ಮೂಲೆಯಿಂದ ಬಿಚ್ಚಿಕೊಂಡಿತು. ಸೀಲಿಂಗ್ ಮೇಲೆ ಇಲಿ ಸಂಸಾರ ಹೂಡಿದವು. ಮದುಮಗಳು ಗಂಡನ ಮನೆಗೆ ಹೋದಳು, ಕಂತು ತವರಿನಲ್ಲೇ ಉಳಿಯಿತು.

ಮನೆಯವರನ್ನು ಕೇಳಿಯೇ ಇದನ್ನು ಬರೆಯುತ್ತಿದ್ದೇವೆ. "ಬರೀರಿ, ನಾಲ್ಕು ಮಂದಿ ಓದಿ ಉಳ್ಕೊಳ್ಳಲಿ" ಅಂದದ್ದು ಅವ್ವನೇ.

ನಾವು ಹೇಳುವುದು ಇಷ್ಟೇ. ಮನೆ ಚೆಂದ ಮಾಡಿಕೊಳ್ಳುವುದು ತಪ್ಪಲ್ಲ, ಅದು ಬಡವರಿಗೆ ದುಬಾರಿ ಆಸೆಯೂ ಅಲ್ಲ. ಆದರೆ ಬರುವವರ ಕಣ್ಣಿಗಾಗಿ, ಸಾಲ ಮಾಡಿ, ನಮ್ಮ ಗೋಡೆಗೆ ಒಗ್ಗದ್ದನ್ನು ಬಳಿಯುವುದು ಚೆಂದವೂ ಅಲ್ಲ, ಬಜೆಟ್ಟೂ ಅಲ್ಲ. ಮನೆಯ ಅಲಂಕಾರಕ್ಕೆ ಒಂದು ರೂಪಾಯಿಯೂ ಸಾಲ ಮಾಡಬಾರದು. ಇದರಲ್ಲಿ ನಾವು ರಾಜಿ ಆಗುವುದಿಲ್ಲ.

ಅದು ಯಾರ ಬಜೆಟ್?

ಫೋನ್ ತೆರೆದರೆ ಸಾಕು. "ಕಡಿಮೆ ಬಜೆಟ್‌ನಲ್ಲಿ ಮನೆ ಮೇಕ್‌ಓವರ್" ಅಂತ ವಿಡಿಯೊ ಮೇಲೆ ವಿಡಿಯೊ. ಒಬ್ಬರು ಅಂಟು ಹಾಳೆ ಹಚ್ಚುತ್ತಾರೆ, ಇನ್ನೊಬ್ಬರು ಲೈಟಿನ ಪಟ್ಟಿ ಎಳೆಯುತ್ತಾರೆ, ಮತ್ತೊಬ್ಬರು ಪ್ಲಾಸ್ಟಿಕ್ ಬಳ್ಳಿ ಇಳಿಬಿಡುತ್ತಾರೆ. ಒಂದು ನಿಮಿಷದಲ್ಲಿ ಕೋಣೆ ಅರಮನೆ.

ಆ ಗೋಡೆಯನ್ನು ಸರಿಯಾಗಿ ನೋಡಿ. ಅದು ಬೆಂಗಳೂರಿನ ಮೂರನೇ ಮಹಡಿಯ ಸಿಮೆಂಟ್ ಗೋಡೆ. ನೆಲದ ನೀರು ಅಲ್ಲಿಗೆ ಏರುವುದಿಲ್ಲ. ಅಲ್ಲಿ ಒಲೆ ಹೊಗೆ ಇಲ್ಲ. ಮೇಲೆ ಕಾದ ಶೀಟ್ ಇಲ್ಲ. ಆ ಮನೆಯ ಮುಂದೆ ಎತ್ತು ಕಟ್ಟುವುದಿಲ್ಲ, ಒಳಗೆ ಶೇಂಗಾ ಚೀಲ ಒಟ್ಟುವುದಿಲ್ಲ. ಆ ಗೋಡೆಯ ಉಪಾಯ ನಮ್ಮ ಗೋಡೆಗೆ ಹೇಗೆ ಕೂಡುತ್ತದೆ?

ಮಣ್ಣಿನ ಗೋಡೆ, ಮಣ್ಣಿನ ಗಾರೆಯಲ್ಲಿ ಕಟ್ಟಿದ ಕಲ್ಲಿನ ಗೋಡೆ, ಹಳೆಯ ಇಟ್ಟಿಗೆ ಗೋಡೆ, ಇವೆಲ್ಲ ನೆಲದಿಂದ ನೀರು ಹೀರುತ್ತವೆ, ಬತ್ತಿ ಎಣ್ಣೆ ಹೀರಿದ ಹಾಗೆ. ಹೀರಿದ ನೀರು ಗೋಡೆಯ ಮೈಯಿಂದ ಆವಿಯಾಗಿ ಹೊರಗೆ ಹೋಗಬೇಕು. ಪ್ಲಾಸ್ಟಿಕ್ ಪೇಂಟ್, ಆಯಿಲ್ ಪೇಂಟ್ ಬಳಿದರೆ ಆ ದಾರಿ ಮುಚ್ಚುತ್ತದೆ. ನೀರಿನ ಜೊತೆ ಬಂದ ಉಪ್ಪು ಪೇಂಟಿನ ಹಿಂದೆ ಹರಳುಗಟ್ಟಿ ಅದನ್ನು ಮುಂದಕ್ಕೆ ತಳ್ಳುತ್ತದೆ. ಬೊಬ್ಬೆ ಏಳುವುದು ಅದಕ್ಕೇ. ತಪ್ಪು ಪೇಂಟರ್‌ನ ಕೈಯದಲ್ಲ, ನಮ್ಮ ಆಯ್ಕೆಯದು. ಎಷ್ಟು ದುಬಾರಿ ಡಬ್ಬಿ ತಂದರೂ ಒದ್ದೆ ಗೋಡೆ ಅದನ್ನು ಉಗುಳುತ್ತದೆ.

ಪಿಒಪಿ ಕಥೆಯೂ ಅಷ್ಟೇ. ಅದು ಸುಟ್ಟ ಜಿಪ್ಸಂ ಪುಡಿ, ನೀರು ಕಂಡರೆ ಆಗದು. ಹಂಚಿನ ಮನೆಯಲ್ಲಿ, ಶೀಟಿನ ಮನೆಯಲ್ಲಿ ಎಲ್ಲೋ ಒಂದು ಹನಿ ಸೋರಿದರೆ ಕಲೆ ಬೀಳುತ್ತದೆ, ಮೆತ್ತಗಾಗುತ್ತದೆ. ಮೊದಲೇ ತಗ್ಗಾದ ಸೂರು ಇನ್ನೊಂದು ಅಡಿ ಕೆಳಗಿಳಿಯುತ್ತದೆ. ಅದರ ಮೇಲೆ ಏನು ನಡೆದಿದೆ, ಹಾವೋ ಇಲಿಯೋ, ಕಣ್ಣಿಗೆ ಕಾಣುವುದಿಲ್ಲ.

ಸಾಲದ ಲೆಕ್ಕ

ಆ ಮನೆಯ ಸಾಲದ ಲೆಕ್ಕವನ್ನು ನಾವು ಕೂತು ಹಾಕಿದೆವು. ಅಸಲು 50,000. ವರ್ಷಕ್ಕೆ ಶೇಕಡಾ 24 ಬಡ್ಡಿ, 24 ತಿಂಗಳು. ತಿಂಗಳಿಗೆ ಸುಮಾರು 2,640 ರೂಪಾಯಿ. ಮುಗಿಯುವ ಹೊತ್ತಿಗೆ ಕಟ್ಟಿದ್ದು ಸುಮಾರು 63,400. ಅಂದರೆ ಬರೀ ಬಡ್ಡಿ 13,400ರಷ್ಟು.

ಈ 13,400 ಅನ್ನು ನಿಮ್ಮ ಊರಿನ ಹೆಣ್ಣಾಳಿನ ದಿನಗೂಲಿಯಿಂದ ಭಾಗಿಸಿ ನೋಡಿ. ಅಷ್ಟು ದಿನ ಅವ್ವ ಬಡ್ಡಿಗಾಗಿ ಮಾತ್ರ ಕಳೆ ಕಿತ್ತಿದ್ದಾಳೆ. ಅಸಲಿನ ದಿನಗಳು ಬೇರೆ.

ಇನ್ನೊಂದು ಹೋಲಿಕೆ. 2016ರಲ್ಲಿ ಬಂದ ಪ್ರಧಾನಮಂತ್ರಿ ಆವಾಸ್ ಯೋಜನೆಯಲ್ಲಿ ಬಯಲುಸೀಮೆಯ ಹಳ್ಳಿಯ ಒಂದು ಇಡೀ ಮನೆಗೆ ನಿಗದಿಯಾದ ನೆರವು 1.20 ಲಕ್ಷ ರೂಪಾಯಿ. ಅದರ ಐದರಲ್ಲಿ ಎರಡು ಪಾಲಿಗಿಂತ ಹೆಚ್ಚು ಹಣವನ್ನು ನಾವು ಒಂದು ಮಳೆಗಾಲ ತಡೆಯದ ಬಣ್ಣಕ್ಕೆ ಸುರಿದೆವು.

ಸಣ್ಣ ಸಾಲದ ಕಿರುಕುಳ ಯಾವ ಮಟ್ಟಕ್ಕೆ ಹೋಗಿತ್ತು ಅಂದರೆ 2025ರ ಫೆಬ್ರುವರಿಯಲ್ಲಿ ರಾಜ್ಯ ಸರ್ಕಾರ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು. ಮನೆ ಮುಂದೆ ಬಂದು ಬೆದರಿಸಿದರೆ ಈಗ ಅದು ಅಪರಾಧ. ಒಳ್ಳೆಯದೇ. ಆದರೆ ಬೀಜಕ್ಕೆ, ಆಸ್ಪತ್ರೆಗೆ, ಮಕ್ಕಳ ಫೀಸಿಗೆ ಮಾಡಿದ ಸಾಲ ಬೇರೆ. ಬೀಗರ ಕಣ್ಣಿಗೆ ಹೊಳೆಯಲೆಂದು ಮಾಡಿದ ಸಾಲ ಬೇರೆ. ಎರಡನೆಯದರಿಂದ ಯಾವ ಕಾನೂನೂ ನಮ್ಮನ್ನು ಕಾಯುವುದಿಲ್ಲ, ನಮ್ಮ ಬುದ್ಧಿಯೇ ಕಾಯಬೇಕು.

ಮತ್ತೆ ಗಮನಿಸಿ. ಗೋಡೆ ನಾಚಿಕೆ ಅಂದದ್ದು ಗಂಡಸರು. ಬಣ್ಣ ಆರಿಸಿದ್ದು ಗಂಡಸರು. ಸಹಿ ಹಾಕಿದ್ದು ಅವ್ವ. ವಾರದ ಸಭೆಯಲ್ಲಿ ಹತ್ತು ಹೆಂಗಸರ ಮುಂದೆ ತಲೆ ತಗ್ಗಿಸಿ ಕೂತದ್ದೂ ಅವ್ವ.

ಹಾಗಾದರೆ ಏನು ಮಾಡಬೇಕು?

ಬೈದು ಸುಮ್ಮನಾಗುವವರು ನಾವಲ್ಲ. ನೋಡಿದ್ದು, ಕೈಯಾರೆ ಮಾಡಿದ್ದು ಹೇಳುತ್ತೇವೆ.

ಮೊದಲು ನೀರು. ಗೋಡೆಯ ಬುಡದಲ್ಲಿ ನೀರು ನಿಲ್ಲುತ್ತಿದ್ದರೆ ಬಣ್ಣದ ಮಾತೇ ಬೇಡ. ಒಂದು ದಿನ ಗುದ್ದಲಿ ಹಿಡಿದು ಸೂರಿನ ನೀರು ದೂರ ಹರಿಯುವ ಹಾಗೆ ಕಾಲುವೆ ತೆಗೆಯಿರಿ. ಒಡೆದ ಹಂಚು ಬದಲಿಸಿ. ಇದು ಫೋಟೊದಲ್ಲಿ ಕಾಣುವುದಿಲ್ಲ, ಆದರೆ ಇದಿಲ್ಲದೆ ಉಳಿದದ್ದೆಲ್ಲ ನೀರಿನಲ್ಲಿ ಹೋಮ.

ಎರಡನೆಯದು ಹೊಗೆ. ಅಡುಗೆಮನೆ ಕಪ್ಪಾದದ್ದು ಬಣ್ಣ ಕಡಿಮೆಯಾಗಿ ಅಲ್ಲ, ಹೊಗೆ ಹೋಗಲು ದಾರಿ ಇಲ್ಲದೆ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ ಆಸ್ತ್ರ ಕೇಂದ್ರದವರು ನಮ್ಮ ಹಳ್ಳಿಗಳಿಗೆಂದೇ ಹೊಗೆ ಕೊಳವೆಯ ಒಲೆ ಮಾಡಿಕೊಟ್ಟರು. ಆಸ್ತ್ರ ಒಲೆ ಅಂದರೆ ಇವತ್ತಿಗೂ ಹಳಬರಿಗೆ ಗೊತ್ತು. ಗ್ಯಾಸ್ ಬಂದಿದ್ದರೂ ಬಚ್ಚಲಿನ ಒಲೆ ಉರಿಯುತ್ತಲೇ ಇದೆ. ಅದಕ್ಕೊಂದು ಕೊಳವೆ ಹಾಕಿಸಿ. ಆಮೇಲೆ ಗೋಡೆ ಬಿಳಿ ಮಾಡಿದರೆ ಬಿಳಿ ಉಳಿಯುತ್ತದೆ.

ಮೂರನೆಯದು ಬೆಳಕು. ಕತ್ತಲೆ ಕೋಣೆಗೆ ಹತ್ತು ಬಣ್ಣ ಬಳಿದರೂ ಕತ್ತಲೆಯೇ. ಹಂಚಿನ ಮಧ್ಯೆ ಒಂದೆರಡು ಗಾಜಿನ ಹಂಚು ಇಟ್ಟರೆ ಹಗಲು ಬಲ್ಬ್ ಬೇಡ. ನೀಲಿ ಲೈಟಿನ ಪಟ್ಟಿಯ ದುಡ್ಡಿನಲ್ಲಿ ಮಕ್ಕಳು ಓದುವ ಜಾಗಕ್ಕೆ ಒಳ್ಳೆಯ ಬಲ್ಬ್ ಬರುತ್ತದೆ.

ಆಮೇಲೆ ಸುಣ್ಣ. ಹೌದು, ಅದೇ ಸುಣ್ಣ. ಸುಣ್ಣದ ಕಲ್ಲನ್ನು ಸುಟ್ಟರೆ ಹರಳು ಸುಣ್ಣ, ನೀರು ಹಾಕಿದರೆ ಅರಳಿದ ಸುಣ್ಣ. ಗೋಡೆಗೆ ಬಳಿದ ಮೇಲೆ ಅದು ಗಾಳಿಯಿಂದ ಇಂಗಾಲದ ಡೈಆಕ್ಸೈಡ್ ಎಳೆದುಕೊಂಡು ಮತ್ತೆ ಕಲ್ಲಾಗುತ್ತದೆ. ಗೋಡೆಯ ಮೇಲೆ ತೆಳ್ಳನೆಯ ಕಲ್ಲಿನ ಪದರ, ಅದೂ ಆವಿ ಹೊರಗೆ ಬಿಡುವ ಪದರ. ಅದರ ಖಾರಕ್ಕೆ ಬೂಷ್ಟು ಹಿಡಿಯುವುದಿಲ್ಲ. ಅಜ್ಜಂದಿರು ಹಬ್ಬಕ್ಕೆ ಸುಣ್ಣ ಬಳಿದದ್ದು ಬಡತನಕ್ಕಷ್ಟೇ ಅಲ್ಲ, ಆ ಗೋಡೆಗೆ ಅದೇ ಸರಿಯಾದ ಮದ್ದಾಗಿತ್ತು.

ಬಳಿಯುವ ರೀತಿ ಇದು. ಕಬ್ಬಿಣದ ಡ್ರಮ್ಮಿಗೆ ಮೊದಲು ನೀರು, ಆಮೇಲೆ ಸ್ವಲ್ಪ ಸ್ವಲ್ಪವೇ ಹರಳು. ಹರಳಿನ ಮೇಲೆ ನೀರು ಸುರಿಯಬೇಡಿ, ಸಿಡಿಯುತ್ತದೆ. ಪ್ಲಾಸ್ಟಿಕ್ ಬಕೆಟ್ ಬೇಡ, ಕುದಿಯುವ ಬಿಸಿಗೆ ಕರಗುತ್ತದೆ. ಮಕ್ಕಳು ಹತ್ತಿರ ಬರಬಾರದು. ಕಣ್ಣಿಗೆ ಕನ್ನಡಕ, ಕೈಗೆ ಗ್ಲೌಸ್ ಇರಲೇಬೇಕು. ಕಣ್ಣಿಗೆ ಸಿಡಿದರೆ ಬಹಳ ಹೊತ್ತು ತಣ್ಣೀರಿನಲ್ಲಿ ತೊಳೆದು ನೇರ ಆಸ್ಪತ್ರೆಗೆ ಹೋಗಿ. ಎರಡು ದಿನ ನೆನೆಯಲು ಬಿಟ್ಟು ಬಟ್ಟೆಯಲ್ಲಿ ಸೋಸಿ. ಒಂದಿಷ್ಟು ಉಪ್ಪು, ನೆನೆಸಿದ ಗೋಂದು ಅಥವಾ ಅಕ್ಕಿ ಗಂಜಿ ಸೇರಿಸಿದರೆ ಕೈಗೆ ಹತ್ತುವುದು ಕಡಿಮೆಯಾಗುತ್ತದೆ. ಬಿಳುಪಿಗೆ ಚಿಟಿಕೆ ನೀಲಿ. ಹಾಲಿನಷ್ಟು ತೆಳ್ಳಗಿರಲಿ. ಗೋಡೆಗೆ ನೀರು ಚಿಮುಕಿಸಿ ಬಳಿಯಿರಿ. ಹಸಿ ಇದ್ದಾಗ ಏನೂ ಬಳಿದಿಲ್ಲ ಅನ್ನಿಸುತ್ತದೆ, ಒಣಗುತ್ತಾ ಬಿಳಿ ಏಳುತ್ತದೆ. ದಪ್ಪ ಒಂದು ಸಲಕ್ಕಿಂತ ತೆಳ್ಳಗೆ ಮೂರು ಸಲ ಮೇಲು.

ಶೀಟಿನ ಮನೆಯವರು ಅದೇ ಸುಣ್ಣವನ್ನು ಶೀಟಿನ ಮೇಲ್ಭಾಗಕ್ಕೂ ಬಳಿಯಬಹುದು. ಬಿಳಿ ಮೈ ಬಿಸಿಲನ್ನು ಹಿಂದಕ್ಕೆ ಕಳಿಸುತ್ತದೆ. ರಾಯಚೂರು, ಯಾದಗಿರಿ, ಕಲಬುರಗಿ ಬೇಸಿಗೆ ಕಂಡವರಿಗೆ ಇದರ ಬೆಲೆ ನಾವು ಹೇಳಬೇಕಿಲ್ಲ. ಶೀಟಿನ ಮೇಲೆ ಕಾಲಿಡಬೇಡಿ, ಏಣಿಗೆ ಹಲಗೆ ಹಾಕಿ, ಉದ್ದ ಕೋಲಿಗೆ ಬ್ರಷ್ ಕಟ್ಟಿ ಬಳಿಯಿರಿ.

ಕೆಳಗಿನ ಮೂರಡಿಗೆ ಕೆಮ್ಮಣ್ಣು ಅಥವಾ ಜಾಜಿನ ಪಟ್ಟಿ ಕೊಡಿ. ಬೆನ್ನು ತಾಗುವುದು, ಮಕ್ಕಳ ಕೈ ತಾಗುವುದು, ನೆಲ ಒರೆಸುವಾಗ ನೀರು ಸಿಡಿಯುವುದು ಅಲ್ಲೇ. ಕಲೆ ಕಾಣುವುದಿಲ್ಲ. ಮೇಲೆ ಬಿಳಿ, ಕೆಳಗೆ ಕೆಂಪು, ನಡುವೆ ನೇರ ಗೆರೆ. ಇದಕ್ಕಿಂತ ಅಂದದ ಗೋಡೆ ನಾವು ಯಾವ ವಿಡಿಯೊದಲ್ಲೂ ನೋಡಿಲ್ಲ.

ನೆಲಕ್ಕೆ ಟೈಲ್ಸ್ ಬೇಕೇ ಬೇಕು ಅನ್ನುವವರು ರೆಡ್ ಆಕ್ಸೈಡ್ ನೆಲವನ್ನು ಒಮ್ಮೆ ನೆನೆಯಿರಿ. ಸಿಮೆಂಟಿನ ಹತ್ತನೇ ಒಂದು ಪಾಲಿಗಿಂತ ಹೆಚ್ಚು ಬಣ್ಣ ಬೇಡ. ತಿಕ್ಕುವ ಕೈ ಬಲ್ಲ ಮೇಸ್ತ್ರಿ ಬೇಕು, ವಾರ ಕಾಲ ನೀರು ಕುಡಿಸಬೇಕು. ಓಡಾಡಿದಷ್ಟೂ ಹೊಳಪು ಏರುವ ನೆಲ ಅದು. ಆ ಕೈಚಳಕದ ಮೇಸ್ತ್ರಿಗಳು ಊರೂರಲ್ಲಿ ಕಡಿಮೆಯಾಗುತ್ತಿದ್ದಾರೆ. ಇದ್ದವರಿಗೆ ಕೆಲಸ ಕೊಡಿ, ದುಡ್ಡು ಊರಲ್ಲೇ ಉಳಿಯುತ್ತದೆ.

ಪರದೆಗೆ ಹಳೆಯ ಸೀರೆ ಸಾಕು. ಮಂಚಕ್ಕೆ ಅಜ್ಜಿಯ ಕೌದಿ ಹಾಸಿ. ನಾವು ಗಂಟು ಕಟ್ಟಿ ಅಟ್ಟಕ್ಕೆ ಎಸೆದ ಕೌದಿಯನ್ನೇ ಪಟ್ಟಣದವರು ಅಂಗಡಿಯಲ್ಲಿ ದುಡ್ಡು ಕೊಟ್ಟು ಒಯ್ಯುತ್ತಿದ್ದಾರೆ. ಗೋಡೆಯ ಹಳೆಯ ಗೂಡುಗಳನ್ನು ಮುಚ್ಚಿಸಬೇಡಿ. ದೀಪಕ್ಕೂ ಪುಸ್ತಕಕ್ಕೂ ಅದಕ್ಕಿಂತ ಒಳ್ಳೆಯ ಕಪಾಟು ಸಿಗದು.

ಆಗಲೇ ಆಯಿಲ್ ಪೇಂಟ್ ಬಳಿದಿದ್ದರೆ ಸುಣ್ಣ ಅದರ ಮೇಲೆ ಹಿಡಿಯುವುದಿಲ್ಲ, ಕೆರೆಯಲೇಬೇಕು. ಆದರೆ ಎಚ್ಚರ. ನಮ್ಮ ದೇಶದಲ್ಲಿ ಮನೆಯ ಬಣ್ಣದಲ್ಲಿ ಸೀಸ ಹತ್ತು ಲಕ್ಷಕ್ಕೆ 90 ಭಾಗ ಮೀರಬಾರದು ಅನ್ನುವ ನಿಯಮ ಜಾರಿಗೆ ಬಂದದ್ದು 2017ರ ನವೆಂಬರಿನಲ್ಲಿ. ಅದಕ್ಕೂ ಹಿಂದಿನ ಪೇಂಟಿನಲ್ಲಿ ಸೀಸ ಹೆಚ್ಚಿರಬಹುದು. ಸೀಸ ಮಕ್ಕಳ ಮಿದುಳಿಗೆ ವಿಷ. ಒಣಗಿದ್ದನ್ನು ಉಜ್ಜಿ ಧೂಳೆಬ್ಬಿಸಬೇಡಿ. ನೀರು ಹಾಕಿ ಒದ್ದೆ ಮಾಡಿ ಕೆರೆಯಿರಿ, ಮೂಗಿಗೆ ಬಿಗಿಯಾದ ಮಾಸ್ಕ್ ಕಟ್ಟಿ, ಮಕ್ಕಳನ್ನೂ ಬಸುರಿಯರನ್ನೂ ದೂರ ಇಡಿ. ಕೆರೆದದ್ದನ್ನು ಚೀಲಕ್ಕೆ ತುಂಬಿ, ಹಿತ್ತಲಿಗೆ ಚೆಲ್ಲಬೇಡಿ.

"ಸುಣ್ಣ ಬಡವರದ್ದು"

ಇಷ್ಟು ಹೇಳಿದ ಮೇಲೂ ಒಂದು ಮಾತು ಬರುತ್ತದೆ. "ನೀವು ಓದಿದವರು ಹೇಳ್ತೀರಿ. ಸುಣ್ಣದ ಗೋಡೆ ಅಂದ್ರೆ ಜನ ಬಡವರು ಅಂತಾರೆ."

ಈ ಮಾತನ್ನು ನಾವು ತಳ್ಳಿಹಾಕುವುದಿಲ್ಲ. ತಲೆಮಾರುಗಟ್ಟಲೆ ಊರ ಹೊರಗೆ ಗುಡಿಸಲಲ್ಲೇ ಇರಬೇಕಾಗಿ ಬಂದವರು, ಚೆಂದದ ಮನೆ ಕಟ್ಟಿದರೆ ಮೇಲಿನವರ ಕಣ್ಣು ಕೆಂಪಾಗುವುದನ್ನು ಕಂಡವರು, ಇವತ್ತು ಗಟ್ಟಿ ಗೋಡೆ ಕಟ್ಟಿ ಕಣ್ಣು ಕೋರೈಸುವ ಬಣ್ಣ ಬಳಿದರೆ ಅದು ಅವರ ಆತ್ಮಗೌರವ. ಅದಕ್ಕೆ ಮೂಗು ಮುರಿಯುವ ಹಕ್ಕು ಯಾರಿಗೂ ಇಲ್ಲ. ಸಿಮೆಂಟ್ ಪ್ಲಾಸ್ಟರ್ ಆಗಿ ಚೆನ್ನಾಗಿ ಒಣಗಿದ ಗೋಡೆಗೆ ಕೈಯಲ್ಲಿರುವ ದುಡ್ಡಿನಲ್ಲಿ ಇಷ್ಟದ ಪೇಂಟ್ ಬಳಿಯಿರಿ, ಗುಲಾಬಿಯೋ ಗಿಳಿಹಸಿರೋ. ನಮ್ಮ ತಕರಾರು ಬಣ್ಣದ ಮೇಲಲ್ಲ, ಸಾಲದ ಮೇಲೆ.

ಇನ್ನೊಂದು ಕಡೆಯವರ ಮೇಲೂ ನಮಗೆ ಸಿಟ್ಟಿದೆ. ಪಟ್ಟಣದಿಂದ ಬಂದು "ಅಯ್ಯೋ, ಮಣ್ಣಿನ ಮನೆ ಎಷ್ಟು ಚೆಂದ, ಇದನ್ನು ಕೆಡವಬೇಡಿ" ಅನ್ನುವವರು. ಫೋಟೊ ತೆಗೆದುಕೊಂಡು ಸಂಜೆ ಬಸ್ಸಿಗೆ ಹೋಗುವವರು. ನಾವೂ ಆ ಪಾಪ ಮಾಡಿದ್ದೇವೆ. ಓದುವ ಕಾಲದಲ್ಲಿ ಸಾಗರ, ಸೊರಬ ಕಡೆಗೆ ಹೋಗಿ ದೀವರ ಮನೆಗಳ ಹಸೆ ಚಿತ್ತಾರದ ಫೋಟೊ ತೆಗೆದು, ಹೊಗಳಿ ಹೊಗಳಿ ಬರೆದೆವು. ಕೆಮ್ಮಣ್ಣಿನ ಗೋಡೆ, ಅಕ್ಕಿ ಹಿಟ್ಟಿನ ಬಿಳಿ, ಸುಟ್ಟ ಅಕ್ಕಿಯ ಕಪ್ಪು, ಗುರಿಗೆ ಬೀಜದ ಹಳದಿ, ಪುಂಡಿ ನಾರಿನ ಕುಂಚ, ಎಲ್ಲ ಬರೆದೆವು. ಬರೆಯದೆ ಬಿಟ್ಟದ್ದು ಒಂದೇ. ಆ ಗೋಡೆ ಸಾರಿಸಿದ್ದು ಯಾರು, ಅಕ್ಕಿ ರುಬ್ಬಿದ್ದು ಯಾರು, ಅದೇ ದಿನ ಮದುವೆ ಮನೆಯ ಅಡುಗೆ ಮಾಡಿದ್ದು ಯಾರು ಎಂದು ನಾವು ಕೇಳಲೇ ಇಲ್ಲ.

ಎಲ್ಲ ಹೆಂಗಸರೇ. ಸೆಗಣಿ ನೆಲ ಸಾರಿಸಿ ಮಂಡಿ ಸವೆಸಿಕೊಂಡ ಅತ್ತೆಯೊಬ್ಬಳು ಟೈಲ್ಸ್ ಬೇಕು ಅಂದರೆ ಅದು ಶೋಕಿಯಲ್ಲ. ಅವಳಿಗೆ ಬೇಕಾದದ್ದು ವಿಶ್ರಾಂತಿ. "ಹಳೆಯದೇ ಚೆಂದ" ಅನ್ನುವವರು ಮೊದಲು ಬಕೆಟ್ ಹಿಡಿದು ತೋರಿಸಲಿ. ಸುಣ್ಣ ಅಗ್ಗ ಅನ್ನುವ ಲೆಕ್ಕದಲ್ಲಿ ಹೆಣ್ಣಿನ ದುಡಿಮೆಯನ್ನು ಸೊನ್ನೆ ಎಂದು ಹಿಡಿದರೆ ಅದು ಕಳ್ಳ ಲೆಕ್ಕ.

ಅದಕ್ಕೇ ನಮ್ಮ ಷರತ್ತು. ಸುಣ್ಣ ಬಳಿಯುವುದಾದರೆ ಮನೆಯ ಗಂಡಸರೂ ಬಳಿಯಬೇಕು. ವರ್ಷಕ್ಕೆ ಒಂದು ಸಲ, ಎರಡು ದಿನ. ಕ್ರಿಕೆಟ್ ಟೂರ್ನಮೆಂಟಿಗೆ ಮೈದಾನಕ್ಕೆ ಸುಣ್ಣದ ಗೆರೆ ಎಳೆಯುವ ಹುಡುಗರಿಗೆ ಮನೆ ಗೋಡೆಗೆ ಬಳಿಯಲು ಬಾರದೆ ಇರುತ್ತದೆಯೇ?

ಸುಣ್ಣಕ್ಕೂ ದೋಷವಿದೆ. ಅಂಗಿಗೆ ಹತ್ತುತ್ತದೆ. ವರ್ಷಕ್ಕೊಮ್ಮೆ, ಹೆಚ್ಚೆಂದರೆ ಎರಡು ವರ್ಷಕ್ಕೊಮ್ಮೆ ಮತ್ತೆ ಬಳಿಯಬೇಕು. ಪೇಂಟಿನಷ್ಟು ಬಗೆಬಗೆಯ ಬಣ್ಣ ಸಿಗುವುದಿಲ್ಲ. ಇದನ್ನೆಲ್ಲ ಒಪ್ಪುತ್ತೇವೆ. ಆದರೆ ಸುಣ್ಣದ ಗೋಡೆ ಕೆಟ್ಟರೆ ಒಂದು ಭಾನುವಾರ ಸಾಕು. ಪುಟ್ಟಿ ಗೋಡೆ ಕೆಟ್ಟರೆ ಇನ್ನೊಂದು ಸಾಲ ಬೇಕು.

ಬೀಗರ ಮಾತಿಗೆ ಬರೋಣ. ಗೋಡೆ ನೋಡಿ ಹೆಣ್ಣು ಬೇಡ ಅನ್ನುವ ಮನೆಗೆ ಹೆಣ್ಣು ಕೊಡುವುದೇ ಬೇಡ. ಆ ಅಕ್ಕನನ್ನೇ ನಾವು ಕೇಳಿದೆವು. ಅವಳ ಗಂಡನ ಮನೆಯಲ್ಲೂ ಮಣ್ಣಿನ ಗೋಡೆಯೇ, ಅಲ್ಲೂ ಸುಣ್ಣವೇ. ಅವರು ಅವತ್ತು ಸೀಲಿಂಗ್ ನೋಡಿ ಹೆದರಿ, ತಮ್ಮ ಮನೆಗೂ ಏನಾದರೂ ಮಾಡಿಸಬೇಕೇನೋ ಅಂತ ಚಿಂತೆ ಮಾಡಿದ್ದರಂತೆ. ಎರಡೂ ಕಡೆಯವರು ಒಬ್ಬರಿಗೊಬ್ಬರು ಹೆದರಿ ಸಾಲಕ್ಕೆ ಬೀಳುವುದು, ಇದೇ ನಮ್ಮ ಮದುವೆ ಸೀಸನ್.

ಈ ಬೇಸಿಗೆಯಲ್ಲಿ ಆ ಮನೆಯ ಕೊನೆಯ ಕಂತು ಮುಗಿಯಿತು. ಮರು ವಾರವೇ ನಮ್ಮ ಗೆಳೆಯ ಮತ್ತು ಅವನ ತಮ್ಮ ಸೀಲಿಂಗ್ ಇಳಿಸಿದರು, ಉಳಿದ ಪುಟ್ಟಿಯನ್ನು ಒದ್ದೆ ಮಾಡಿ ಕೆರೆದರು. ನಾವು ನಾಲ್ವರು ಹೋಗಿ ಕೈಜೋಡಿಸಿದೆವು. ಹರಳು ಸುಣ್ಣ, ಎರಡು ಬ್ರಷ್, ಗೋಂದು, ಒಂದು ಪುಟ್ಟಿ ಕೆಮ್ಮಣ್ಣು, ಇಷ್ಟೇ ಖರ್ಚು. ಮಧ್ಯಾಹ್ನ ಅವ್ವ ಬ್ರಷ್ ಹಿಡಿಯಲು ಬಂದಳು. ಮಗ ಕೊಡಲಿಲ್ಲ. "ನೀ ಕುಂದ್ರು, ಗೆರಿ ಸೊಟ್ಟ ಆದ್ರ ಹೇಳು" ಅಂದ.

ಅವಳು ಕಟ್ಟೆ ಮೇಲೆ ಕೂತು ನಾಲ್ಕು ಸಲ ಗೆರೆ ತಿದ್ದಿಸಿದಳು.

ಮಳೆಗಾಲ ಮುಗಿದು ದೀಪಾವಳಿಗೆ ನಿಮ್ಮ ಮನೆಯಲ್ಲೂ ಬಣ್ಣದ ಮಾತು ಬರುತ್ತದೆ. ಆಗ ಅಂಗಡಿಗೆ ಹೋಗುವ ಮುಂಚೆ ಗೋಡೆಗೆ ಅಂಗೈ ಇಟ್ಟು ನೋಡಿ, ಒದ್ದೆ ಇದೆಯೋ ಒಣಗಿದೆಯೋ ಎಂದು. ಆಮೇಲೆ ಅವ್ವನನ್ನು ಕೇಳಿ, ಈಗಾಗಲೇ ಎಷ್ಟು ಕಂತು ನಡೆದಿದೆ ಎಂದು. ಈ ಎರಡು ಉತ್ತರ ಸಿಕ್ಕ ಮೇಲೆ ಬಣ್ಣ ಆರಿಸಿ.